ಇನ್ವರ್ಟರ್ ಕೋಣೆಗೆ ಏಸಿ ಬೇಡ, ಗವಾಕ್ಷಿ ಬೇಕು

ಈ ಸಲದ ಮೇ ತಿಂಗಳು. ಮಧ್ಯಾಹ್ನ ಎರಡೂವರೆ. ಪುಣೆಯ ಧಾಯರಿಯ ನಮ್ಮ ಮನೆಯಲ್ಲಿ ಫ್ಯಾನುಗಳೆಲ್ಲ ಒಟ್ಟಿಗೇ ನಿಂತವು. ಕರೆಂಟ್ ಹೋಗಿದ್ದು ಹತ್ತು ನಿಮಿಷ ಮೊದಲೇ. ಅದರ ಚಿಂತೆ ನಮಗಿರಲಿಲ್ಲ, ಬ್ಯಾಟರಿ ತುಂಬಿತ್ತು. ಚಾವಣಿ ತುಂಬ ಸೋಲಾರ್ ಪ್ಯಾನೆಲ್, ತಲೆಯ ಮೇಲೆ ಸುಡುವ ಬಿಸಿಲು. ಆದರೂ ಮನೆಯೊಳಗೆ ಎಂಬತ್ತು ದಾಟಿದ ಅವ್ವ ಬೀಸಣಿಗೆ ಹಿಡಿದು ಕೂತಿದ್ದಳು. ನನಗೆ ತುಂಬಾ ಬೇಜಾರಾಯಿತು.

ಮೆಟ್ಟಿಲು ಹತ್ತಿ ಟೆರೇಸ್ ಪಕ್ಕದ ಕೋಣೆಯ ಬಾಗಿಲು ತೆಗೆದೆ. ರೊಟ್ಟಿ ಬೇಯುವ ಹೆಂಚಿನ ಮೇಲೆ ಮುಖ ಬಗ್ಗಿಸಿದ ಹಾಗಾಯಿತು. ಆರಡಿ ಎಂಟಡಿಯ ಕೋಣೆ. ಒಂದು ಪುಟ್ಟ ಕಿಟಕಿ, ಅದೂ ಧೂಳು ಬರಬಾರದೆಂದು ಬಿಗಿಯಾಗಿ ಮುಚ್ಚಿತ್ತು. ಗೋಡೆಗೆ ಎರಡು ಇನ್ವರ್ಟರ್, ನೆಲದ ಮೇಲೆ ನಾಲ್ಕು ಬ್ಯಾಟರಿ. ಮೂಲೆಯಲ್ಲಿ ಹಳೆ ಗಾದಿ, ಖಾಲಿ ಮಾವಿನ ಪೆಟ್ಟಿಗೆ. ಮೇಲಿನ ಇನ್ವರ್ಟರಿನ ಕೆಂಪು ದೀಪ ಮಿಣುಕುತ್ತಿತ್ತು. ಉಷ್ಣತೆ ಮಿತಿ ಮೀರಿದೆ ಎಂದು ಪರದೆಯ ಮೇಲೆ ಬರೆದಿತ್ತು. ಥರ್ಮಾಮೀಟರ್ ತಂದು ಇಟ್ಟೆ. 49 ಡಿಗ್ರಿ.

ಎರಡು ಇನ್ವರ್ಟರ್ ಯಾಕೆ ಅಂತ ಕೆಲವರು ಕೇಳುತ್ತೀರಿ. ಸರಕಾರದ ಸಬ್ಸಿಡಿಯಲ್ಲಿ ಬರುವುದು ಆನ್-ಗ್ರಿಡ್ ಇನ್ವರ್ಟರ್, ಅಂದರೆ ಕರೆಂಟ್ ಲೈನಿಗೆ ಜೋಡಿಸಿದ್ದು. ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ಅದು ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲದಿದ್ದರೆ ಪ್ಯಾನೆಲಿನ ಕರೆಂಟ್ ಲೈನಿಗೆ ಹರಿದು ಕಂಬದ ಮೇಲೆ ರಿಪೇರಿ ಮಾಡುವ ಲೈನ್‌ಮನ್ ಜೀವಕ್ಕೆ ಅಪಾಯ. ಹಾಗಾಗಿ 3 ಕಿಲೋವ್ಯಾಟಿನ ಆನ್-ಗ್ರಿಡ್ ಜೊತೆಗೆ 5 ಕಿಲೋವ್ಯಾಟಿನ ಬ್ಯಾಟರಿ ಇನ್ವರ್ಟರ್ ಕೂಡ ಇದೆ.

ಇವು ಬಿಸಿಯಾಗುವುದು ಸಹಜ. ಒಳ್ಳೆಯ ಆನ್-ಗ್ರಿಡ್ ಇನ್ವರ್ಟರಿನಲ್ಲೂ ಹಾದುಹೋಗುವ ವಿದ್ಯುತ್ತಿನಲ್ಲಿ ನೂರಕ್ಕೆ ಎರಡು ಮೂರು ಪಾಲು ಬಿಸಿಯಾಗಿ ಹೋಗುತ್ತದೆ. ಬ್ಯಾಟರಿ ಇನ್ವರ್ಟರಿನಲ್ಲಿ ಏಳೆಂಟು ಪಾಲು. ಎರಡೂ ಜೋರಾಗಿ ದುಡಿಯುವಾಗ ಸುಮಾರು 400 ವ್ಯಾಟ್. ಹಳೆ ಕಾಲದ ನೂರು ವ್ಯಾಟಿನ ಬಲ್ಬ್ ನಾಲ್ಕನ್ನು ಮುಚ್ಚಿದ ಕೋಣೆಯಲ್ಲಿ ಬೆಳಗ್ಗಿನಿಂದ ಹಚ್ಚಿಟ್ಟ ಹಾಗೆ. ಅದೂ ಯಾವಾಗ? ಹೊರಗೆ ಬಿಸಿಲು ಏರಿದಾಗಲೇ. ಪ್ಯಾನೆಲ್ ಜಾಸ್ತಿ ಕೊಡುವ ಹೊತ್ತೂ ಅದೇ, ಕೋಣೆ ಕಾಯುವ ಹೊತ್ತೂ ಅದೇ.

ನಮ್ಮಲ್ಲಿ ಇನ್ನೊಂದು ತಪ್ಪಾಗಿತ್ತು. ಕೂರಿಸಿ ಹೋದವರು ಎರಡನ್ನೂ ಒಂದರ ಮೇಲೊಂದು ಹಾಕಿದ್ದರು. ನಡುವೆ ಒಂದು ಗೇಣು ಜಾಗ. ಅಲ್ಲಿ ಕೈ ಇಟ್ಟು ನೋಡಿದೆ. ಕೆಳಗಿನದು ಬಿಡುವ ಬಿಸಿಗಾಳಿ ನೇರವಾಗಿ ಮೇಲಿನದರ ಒಳಕ್ಕೆ ಹೋಗುತ್ತಿತ್ತು! ಬೆಳಗ್ಗಿನಿಂದ ಬೇರೆಯವರ ಉಸಿರು ಕುಡಿಯುತ್ತಾ ನಿಂತದ್ದು ನಮ್ಮ ಬ್ಯಾಟರಿ ಇನ್ವರ್ಟರ್. ಕರೆಂಟ್ ಹೋದ ಕೂಡಲೇ ಇಡೀ ಮನೆಯ ಭಾರ ಅದರ ಮೇಲೆ ಬಿತ್ತು, ಅದು ನಿಂತುಬಿಟ್ಟಿತು.

ವಾಯರ್‌ಮನ್ ಬಂದ. ಒಳ್ಳೆಯ ಹುಡುಗ. ಬಾಗಿಲಲ್ಲೇ ನಿಂತು "ಏಸಿ ಲಾವಾ ಸರ್" ಅಂದ, ಏಸಿ ಹಾಕಿಸಿ ಅಂತ. ಬಹಳ ಜನ ಕೊಡುವ ಸಲಹೆಯೂ ಇದೇ. ನಾನು ಒಪ್ಪಲಿಲ್ಲ. ಒಂದು ಟನ್ನಿನ ಏಸಿ ಓಡುವಾಗ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಎಳೆಯುತ್ತದೆ. ಮೂರು ಕಿಲೋವ್ಯಾಟ್ ಪ್ಯಾನೆಲ್ ಹಾಕಿ, ಅದರಲ್ಲಿ ಒಂದು ಪಾಲನ್ನು ಇನ್ವರ್ಟರ್ ತಣಿಸಲಿಕ್ಕೇ ಸುರಿಯುವುದಾ? ಅದಕ್ಕಿಂತ ಮುಖ್ಯ ಮಾತು ಬ್ಯಾಟರಿಯದು. ನಮ್ಮವು ನೀರು ಹಾಕುವ ಟ್ಯೂಬುಲರ್ ಬ್ಯಾಟರಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತವೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲು ಸೇರಿದರೆ ಒಂದು ಕಿಡಿ ಸಾಕು. ಏಸಿಗಾಗಿ ಕೋಣೆಯನ್ನು ಬಿಗಿಯಾಗಿ ಮುಚ್ಚಿ ಅದರೊಳಗೆ ಈ ಬ್ಯಾಟರಿ ಇಡುವುದು ನನಗೆ ಸರಿ ಕಾಣಲೇ ಇಲ್ಲ. ಪಕ್ಕದವರು ಕೂಲರ್ ಇಡಿ ಅಂದರು. ಇಷ್ಟೊಂದು ವಿದ್ಯುತ್ತಿನ ಪಕ್ಕ ನೀರಿನ ತೊಟ್ಟಿ ಇಡಲು ನನಗೆ ಧೈರ್ಯವಿಲ್ಲ.

ದಾರಿ ತೋರಿಸಿದ್ದು ಅವ್ವ. ಅಂದು ಸಂಜೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದು ಕೋಣೆ ನೋಡಿದಳು. "ಏ ತಮ್ಮಾ, ನಮ್ಮ ಅಡಗಿಮನಿಗೆ ಗವಾಕ್ಷಿ ಯಾಕ ಇಟ್ಟಿದ್ರು ಹೇಳು? ಇದಕ್ಕ ಮ್ಯಾಲ ಒಂದು ಕಿಂಡಿ ಇಲ್ಲ, ಕೆಳಗ ಒಂದು ಕಿಂಡಿ ಇಲ್ಲ. ಕುದಿಲಾರದ ಏನ್ ಮಾಡ್ಯಾವು ಪಾಪ?"

ಧಾರವಾಡದ ಕಡೆಯ ನಮ್ಮ ಮಣ್ಣಿನ ಮಾಳಿಗೆ ಮನೆಯ ಅಡುಗೆಮನೆ ಕಣ್ಣ ಮುಂದೆ ಬಂತು. ನಡು ಮಾಳಿಗೆಯಲ್ಲಿ ಒಂದು ತೂತು. ಹೊಗೆ, ಬಿಸಿ ಎಲ್ಲ ಅಲ್ಲಿಂದ ಮೇಲಕ್ಕೆ ಹೋಗುತ್ತಿತ್ತು. ಬಾಗಿಲ ಕೆಳಗಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ಎರಡೂ ಇದ್ದರೇ ಗಾಳಿ ಹರಿಯುವುದು. ಮೇಲಿನ ಕಿಂಡಿ ಒಂದೇ ಇದ್ದು, ಒಳಗೆ ಬರಲು ದಾರಿ ಇಲ್ಲದಿದ್ದರೆ ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಅದು ಸುಮ್ನೆ ತಿರುಗುತ್ತದೆ ಅಷ್ಟೆ.

ನಾವು ಮಾಡಿದ್ದೂ ಅದೇ. ಬಾಗಿಲ ಕೆಳಗಿನ ಹಲಗೆ ತೆಗೆಸಿ ಓರೆ ಪಟ್ಟಿಯ ಜಾಲಿ ಹಾಕಿಸಿದೆ. ಆ ಬಾಗಿಲು ಮೆಟ್ಟಿಲ ಕಡೆಗಿದೆ. ಅಲ್ಲಿ ಬಿಸಿಲು ಬೀಳುವುದಿಲ್ಲ, ಟೆರೇಸಿಗಿಂತ ನಾಲ್ಕೈದು ಡಿಗ್ರಿ ತಂಪು. ಇದು ಬಹಳ ದೊಡ್ಡ ವಿಷಯ. ಫ್ಯಾನ್ ಎಳೆದು ತರುವ ಗಾಳಿಗಿಂತ ಕೋಣೆ ತಂಪಾಗಲಾರದು, ಅಲ್ವಾ? ಕಾದ ಟೆರೇಸಿನಿಂದ ಗಾಳಿ ಎಳೆದರೆ ಬಂದ ಭಾಗ್ಯವೇನು? ಎದುರು ಗೋಡೆಯಲ್ಲಿ, ಚಾವಣಿಗೆ ತಾಗುವ ಹಾಗೆ, ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಹೈಡ್ರೋಜನ್ ಗಾಳಿಗಿಂತ ಹಗುರ, ಮೇಲಕ್ಕೇ ಏರುತ್ತದೆ. ಹಾಗಾಗಿ ಅದೂ ಅಲ್ಲಿಂದಲೇ ಹೊರಗೆ ಹೋಗುತ್ತದೆ.

ಫ್ಯಾನಿನ ಲೆಕ್ಕ ಸುಲಭ. ಬಿಸಿ ಎಷ್ಟು ವ್ಯಾಟ್ ಇದೆಯೋ ಅದನ್ನು ಮೂರರಿಂದ ಗುಣಿಸಿ. ಒಳಬರುವ ಗಾಳಿಗಿಂತ ಕೋಣೆ ಎಷ್ಟು ಡಿಗ್ರಿ ಜಾಸ್ತಿಯಾದರೂ ನಡೆದೀತು ಅನ್ನುತ್ತೀರೋ ಅದರಿಂದ ಭಾಗಿಸಿ. ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಬೇಕೆಂದು ಸಿಗುತ್ತದೆ. 400 ವ್ಯಾಟ್, 5 ಡಿಗ್ರಿ ಅಂದರೆ 240. ಫ್ಯಾನಿನ ಡಬ್ಬದ ಮೇಲೆ ಗಾಳಿಯ ಅಳತೆ ಬರೆದಿರುತ್ತದೆ. ಜಾಲಿ, ಧೂಳಿನ ಬಲೆ ಹಾಕಿದರೆ ಅಷ್ಟು ಸಿಗುವುದಿಲ್ಲ. ಹಾಗಾಗಿ ನಾನು ಒಂದು ಅಳತೆ ದೊಡ್ಡದು, ಒಂಬತ್ತಿಂಚಿನದು ತಂದೆ. ಜೊತೆಗೆ ಒಂದು ಥರ್ಮೋಸ್ಟಾಟ್. 35 ಡಿಗ್ರಿಗೆ ಶುರು, 32ಕ್ಕೆ ಬಂದ್.

ಇನ್ವರ್ಟರ್‌ಗಳನ್ನು ಪಕ್ಕಪಕ್ಕಕ್ಕೆ ಸರಿಸಿದೆವು, ನಡುವೆ ಒಂದೂವರೆ ಅಡಿ ಬಿಟ್ಟು. ಇದನ್ನು ವಾಯರ್‌ಮನ್‌ನೇ ಮಾಡಿದ. ಪ್ಯಾನೆಲ್ ಕಡೆಯ ಡಿಸಿ ಕರೆಂಟ್ ಬಿಸಿಲಿದ್ದಷ್ಟು ಹೊತ್ತೂ ಜೀವಂತ ಇರುತ್ತದೆ, ದಯವಿಟ್ಟು ಅದಕ್ಕೆ ಯಾರೂ ತಾವಾಗಿ ಕೈ ಹಾಕಬೇಡಿ. ಸರಿಸುವಾಗ ಬ್ಯಾಟರಿಯ ಒಂದು ನಟ್ ಸಡಿಲ ಇರುವುದು ಕಂಡಿತು. ಅದರ ಸುತ್ತ ಕೇಬಲಿನ ಹೊದಿಕೆ ಕಂದುಗಟ್ಟಿತ್ತು. ನೋಡಿ ಎದೆ ಝಲ್ಲೆಂದಿತು. 48 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಎಳೆದರೂ 60 ಆಂಪಿಯರ್ ದಾಟುತ್ತದೆ. ಸಡಿಲ ನಟ್ ಅಷ್ಟು ಕರೆಂಟಿಗೆ ಕಾದ ಕಬ್ಬಿಣವಾಗುತ್ತದೆ.

ಗಾದಿ, ಪೆಟ್ಟಿಗೆ ಕೆಳಗೆ ಹೋದವು. ಬಿಸಿಲಿಗೆ ಕಡಿಮೆ ಕಾಯಲಿ ಎಂದು ಕೋಣೆಯ ಚಾವಣಿಯ ಹೊರಮೈಗೆ ಫೆವಿಕಾಲ್ ಬೆರೆಸಿದ ಸುಣ್ಣ ಎರಡು ಸಲ ಬಳಿಸಿದೆ. ಮರುವಾರ ಅಂಥದೇ ಬಿಸಿಲಿನಲ್ಲಿ ಅಳೆದೆ. 41 ಡಿಗ್ರಿ. ಇನ್ನೂ ಜಾಸ್ತಿಯೇ, ಆದರೆ ಆಮೇಲೆ ಕೆಂಪು ದೀಪ ಬಂದಿಲ್ಲ.

ಎಂಟು ಡಿಗ್ರಿಗೆ ಇಷ್ಟೊಂದು ಗಲಾಟೆ ಯಾಕೆ ಅನ್ನಬೇಡಿ. ನಮ್ಮ ಬ್ಯಾಟರಿಯ ಮೈಮೇಲಿನ ಚೀಟಿ ಓದಿ ನೋಡಿ. ಅದರ ಸಾಮರ್ಥ್ಯ ಬರೆದಿರುವುದು 27 ಡಿಗ್ರಿಗೆ. ಅಲ್ಲಿಂದ ಪ್ರತಿ ಹತ್ತು ಡಿಗ್ರಿ ಏರಿಕೆಗೆ ನಮ್ಮಂಥ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಹೆಚ್ಚೂಕಡಿಮೆ ಅರ್ಧವಾಗುತ್ತದೆ. ಇನ್ವರ್ಟರ್ ಒಳಗಿನ ಕೆಪಾಸಿಟರ್‌ಗಳದೂ ಅದೇ ಕಥೆ. ಯಂತ್ರವೂ ತನ್ನನ್ನು ಕಾಪಾಡಿಕೊಳ್ಳಲು, ಬಹಳಷ್ಟು ಮಾದರಿಗಳಲ್ಲಿ 45 ಡಿಗ್ರಿ ದಾಟಿದ ಮೇಲೆ, ಉತ್ಪಾದನೆ ಇಳಿಸುತ್ತದೆ. ನಮಗೆ ಗೊತ್ತಾಗುವುದೇ ಇಲ್ಲ. ಮೋಡ ಇತ್ತೇನೋ ಅಂದುಕೊಳ್ಳುತ್ತೇವೆ.

ಗೋವಾದ ವಾಸ್ಕೋದಲ್ಲಿರುವ ನಮ್ಮ ಭಾವನಿಗೂ ಇದನ್ನೇ ಹೇಳಿದೆ. ಆದರೆ ಸಮುದ್ರದ ಪಕ್ಕ ಲೆಕ್ಕ ಬೇರೆ. ಉಪ್ಪುಗಾಳಿಯನ್ನು ದಿನವಿಡೀ ಒಳಗೆ ಎಳೆದರೆ ಟರ್ಮಿನಲ್‌ಗಳು ತುಕ್ಕು ಹಿಡಿಯುತ್ತವೆ. ಅಂಥ ಕಡೆ ಪೂರ್ತಿ ಮುಚ್ಚಿದ ಕವಚದ ಇನ್ವರ್ಟರನ್ನು ಹೊರಗಿನ ನೆರಳಿನ ಗೋಡೆಗೆ ಹಾಕುವುದೇ ವಾಸಿ.

ನನ್ನ ತಕರಾರು ಒಂದೇ. 2024ರಲ್ಲಿ ಮನೆ ಚಾವಣಿಯ ಸೋಲಾರಿಗೆ ಸಬ್ಸಿಡಿ ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಬಂದ ಮೇಲೆ ನಮ್ಮ ಪುಣೆ ಕನ್ನಡಿಗರ ಗುಂಪಿನಲ್ಲೂ ಮಾತೆಲ್ಲ ಅದೇ. 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ, ಬಿಲ್ ಎಷ್ಟು ಇಳಿಯಿತು, ಎಷ್ಟು ವರ್ಷಕ್ಕೆ ದುಡ್ಡು ವಾಪಸ್. ಮಾರಲು ಬಂದವರು ಪ್ಯಾನೆಲಿಗಾಗಿ ಚಾವಣಿ ಅಳೆಯುತ್ತಾರೆ. ಇನ್ವರ್ಟರ್ ಎಲ್ಲಿ ಕೂರುತ್ತದೆ, ಅಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂದು ನಮ್ಮ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮನೆ ಕಟ್ಟಿಸುತ್ತಿರುವವರು ನಕ್ಷೆಯಲ್ಲೇ ಆ ಎರಡು ಕಿಂಡಿ ಬರೆಸಿಬಿಡಿ. ಗೋಡೆ ಎದ್ದ ಮೇಲೆ ಒಡೆಸುವುದು ದುಬಾರಿ, ಧೂಳು ಬೇರೆ.

ನಮ್ಮದು ಇನ್ನೂ ಮುಗಿದಿಲ್ಲ. ಮಳೆ ಬರುವ ಮೊದಲು ಫ್ಯಾನಿನ ಹೊರಗೆ ಒಂದು ತಗಡಿನ ಮಾಡು ಹಾಕಿಸಬೇಕು. ಕಿಂಡಿಗಳಿಗೆ ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು, ಹಲ್ಲಿ ಒಳಗೆ ಹೋಗಿ ಬೋರ್ಡ್ ಶಾರ್ಟ್ ಆದ ಮನೆಗಳಿವೆ. ನಿಮ್ಮ ಮನೆಯಲ್ಲಿ ಇನ್ವರ್ಟರ್ ಕೋಣೆ ಇದ್ದರೆ ನಾಳೆ ಮಧ್ಯಾಹ್ನ ಮೂರಕ್ಕೆ ಒಂದು ಥರ್ಮಾಮೀಟರ್ ಇಟ್ಟು ನೋಡಿ. ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. ಕೋಣೆಯ ಫೋಟೋ ಹಾಕಿದರೆ ಕಿಂಡಿ ಎಲ್ಲಿ ಇಡಬಹುದು ಅಂತ ಕೂತು ನೋಡೋಣ. ಅವ್ವನಿಗೂ ತೋರಿಸುತ್ತೇನೆ.