ಹಲಸಿನ ಮೊಸಳೆಗೆ ವಾರ್ನಿಶ್

ನಮ್ಮ ಪಂಚಾಯತಿನ ಹಲಸಿನ ಮೇಳಕ್ಕೆ ಈ ಸಲ ನಾನು ತೀರ್ಪುಗಾರ. ಯಾವ ಪಂಚಾಯತು ಅಂತ ಕೇಳಬೇಡಿ, ಮನೆ ತೆರಿಗೆ ಕಟ್ಟಲು ನಾನು ಅಲ್ಲಿಗೇ ಹೋಗಬೇಕು. ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನಲ್ಲಿ, ತಲಪಾಡಿಯಿಂದ ಕೆಳಗೆ, ಚಂದ್ರಗಿರಿ ಹೊಳೆಯಿಂದ ಮೇಲೆ ಅಂತ ಇಟ್ಟುಕೊಳ್ಳಿ.

"ಆಹಾರ ಶಿಲ್ಪ ಸ್ಪರ್ಧೆ ಇಟ್ಟಿದ್ದೇವೆ ಮಾಷ್ಟ್ರೇ. ನೀವು ಕಲೆ ಗೊತ್ತಿರುವವರು" ಅಂದರು ಸಮಿತಿಯ ಅಧ್ಯಕ್ಷರು. ನನಗೆ ಗೊತ್ತಿರುವ ಕಲೆ ಒಂದೇ. ಶಾಲೆಯ ವಾರ್ಷಿಕೋತ್ಸವಕ್ಕೆ ಕರಿಹಲಗೆಯ ಮೇಲೆ ಬಣ್ಣದ ಚಾಕಿನಲ್ಲಿ ಕಮಲ ಬಿಡಿಸುವುದು. 'ಸ್ವಾಗತ'ದ ಆ ಕಡೆ ಒಂದು, ಈ ಕಡೆ ಒಂದು. ಮೂವತ್ತು ವರ್ಷವೂ ಅದೇ ಕಮಲ. ಸಮಿತಿಗೆ ಅಷ್ಟು ಸಾಕಾಯಿತು.

ಜೊತೆಗೆ ಚಿಕ್ಕಮ್ಮ ಹೊರಟರು. ಸಕ್ಕರೆ ಕಾಯಿಲೆ ಅಂತ ಮಂಗಳೂರಿನ ಡಾಕ್ಟರು ಅವರಿಗೆ ಹಲಸಿನ ಹಣ್ಣು ಬಂದ್ ಮಾಡಿಸಿದ್ದಾರೆ. "ಫೈಬರ್ ಜಾಸ್ತಿ ತಿನ್ನಿ" ಅಂದಿದ್ದಾರೆ. ಆವತ್ತಿನಿಂದ ಚಿಕ್ಕಮ್ಮ ಏನನ್ನು ಕಂಡರೂ "ಇದರಲ್ಲಿ ಫೈಬರ್ ಉಂಟಾ?" ಅಂತ ಕೇಳುತ್ತಾರೆ. ತಿನ್ನಲು ಬಿಡದಿದ್ದರೂ ನೋಡಲು ಅಡ್ಡಿಯಿಲ್ಲವಲ್ಲ ಅಂತ ಕೊಡೆ ಹಿಡಿದು ಬಂದರು.

ಸಭಾಭವನದ ಬಾಗಿಲಲ್ಲೇ ಎರಡು ಫಲಕ. ಒಂದರಲ್ಲಿ, 'ಶಿಲ್ಪಗಳನ್ನು ತಿನ್ನುವ ವಸ್ತುಗಳಿಂದಲೇ ಮಾಡಿರಬೇಕು.' ಅದರ ಕೆಳಗೇ ಇನ್ನೊಂದು, 'ಯಾರೂ ತಿನ್ನಬಾರದು.'

ಒಳಗೆ ಹದಿನೆಂಟು ಶಿಲ್ಪ. ಅದರಲ್ಲಿ ಏಳು ಮೊಸಳೆ. ಅನಂತಪುರ ದೇವಸ್ಥಾನದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡ ಮೇಲೆ ನಮ್ಮೂರಲ್ಲಿ ಯಾರ ಕೈಗೆ ಏನು ಸಿಕ್ಕಿದರೂ ಅದು ಮೊಸಳೆಯೇ ಆಗುತ್ತದೆ. ಹಲಸಿನ ಸಿಪ್ಪೆಯನ್ನಂತೂ ದೇವರೇ ಮೊಸಳೆ ಮಾಡಿ ಕಳಿಸಿದಂತಿದೆ. ಕಾಯಿಯನ್ನು ಉದ್ದಕ್ಕೆ ಸೀಳಿ ಬೋರಲು ಹಾಕಿದರೆ ಬೆನ್ನು ತಯಾರು. ಕಣ್ಣಿಗೆ ಹಲಸಿನ ಬೇಳೆ, ಅದರ ನಡುವೆ ಒಂದು ಕರಿಮೆಣಸು. ಹಲ್ಲಿಗೆ ತೆಂಗಿನಕಾಯಿ ಚೂರು. ಕಾಲಿಗೆ ತೊಂಡೆಕಾಯಿ. ದೇವಸ್ಥಾನದ ನೈವೇದ್ಯ ತಿಂದುಕೊಂಡು ತೆಪ್ಪಗಿದ್ದ ಆ ಸಾಧು ಪ್ರಾಣಿ ಇಲ್ಲಿ ಏಳೂ ಕಡೆ ಬಾಯಿ ತೆರೆದು ನಮ್ಮನ್ನೇ ತಿನ್ನಲು ಬರುವ ಹಾಗೆ ನಿಂತಿತ್ತು. ಒಂದರ ಕಣ್ಣಿಗೆ ಎಲ್‌ಇಡಿ ಬಲ್ಬು ಬೇರೆ. "ಅದು ತಿನ್ನುವ ವಸ್ತುವಾ?" ಅಂತ ಕೇಳಿದೆ. "ಕರೆಂಟು ತಿನ್ನುತ್ತದಲ್ಲ ಮಾಷ್ಟ್ರೇ" ಅಂದ ಹುಡುಗ.

ಮೂಲೆಯಲ್ಲಿ ಚಾಲಿ ಅಡಿಕೆಯ ಗಾಂಧೀಜಿ. ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ತೋಟದ ಯಜಮಾನರು. ಕಿಲೋಗೆ ನಾನೂರು ದಾಟಿದ ಚಾಲಿಯನ್ನು ಊರ ಮಧ್ಯೆ ಬಿಟ್ಟು ಊಟಕ್ಕೆ ಹೋಗಲು ಅವರೇನು ಹುಚ್ಚರಾ? ನಾನು ಗಾಂಧೀಜಿಯನ್ನು ನೋಡುತ್ತಿದ್ದೆ, ಅವರು ನನ್ನ ಕೈಯನ್ನು ನೋಡುತ್ತಿದ್ದರು. ಮಧ್ಯಾಹ್ನ ಎರಡು ಗಂಟೆಗೆ "ಕನ್ನಡಕದಲ್ಲಿ ಒಂದು ಕಮ್ಮಿ ಉಂಟು" ಅಂತ ದೊಡ್ಡ ಗಲಾಟೆಯಾಯಿತು.

ಇನ್ನು ಬೇಕಲ ಕೋಟೆ. ಕೆಳದಿಯ ನಾಯಕರು 17ನೇ ಶತಮಾನದಲ್ಲಿ ಮುರಕಲ್ಲಿನಲ್ಲಿ ಕಟ್ಟಿಸಿದ್ದನ್ನು ನಮ್ಮ ಯುವಕರ ತಂಡ ಅಚ್ಚು ಬೆಲ್ಲದಲ್ಲಿ ಕಟ್ಟಿತ್ತು. ಬಣ್ಣ ಸರಿಯಾಗಿ ಹೊಂದುತ್ತಿತ್ತು, ಅದನ್ನು ಒಪ್ಪಬೇಕು. ಆದರೆ ತಿಂಗಳು ಜೂನ್. ಹೊರಗೆ ಧೋ ಅಂತ ಮಳೆ. ನಮ್ಮಲ್ಲಿ ಮಳೆಗಾಲ ಬಂತೆಂದರೆ ಬೆಲ್ಲದ ಭರಣಿಗೆ ಬಟ್ಟೆ ಕಟ್ಟಿ ಒಲೆಯ ಹತ್ತಿರ ಇಡುತ್ತಾರೆ. ಗಾಳಿಯ ಪಸೆಯನ್ನೆಲ್ಲ ಬೆಲ್ಲ ಎಳೆದುಕೊಳ್ಳುತ್ತದೆ ಅಂತ ಏಳನೇ ಕ್ಲಾಸಿನ ಹುಡುಗಿಗೂ ಗೊತ್ತು. ಹತ್ತು ಗಂಟೆಗೆ ಕೋಟೆ ಬೆವರಿತು. ಹನ್ನೆರಡಕ್ಕೆ ಬುರುಜು ವಾಲಿತು. ಟಿಪ್ಪುವಿನ ಕಾಲದಲ್ಲೂ ಇಂಗ್ಲಿಷರ ಕಾಲದಲ್ಲೂ ಕುಸಿಯದೆ ನಿಂತ ಗೋಡೆ ಮೂರು ಗಂಟೆಗೆ ಮೇಜಿನಿಂದ ತೊಟ್ಟಿಕ್ಕತೊಡಗಿತು. ಇರುವೆಗಳು ಮಾತ್ರ ಕಡಲ ಬದಿಯಿಂದಲೂ ಬಂದವು, ಬೆಟ್ಟದ ಬದಿಯಿಂದಲೂ ಬಂದವು.

ಇಷ್ಟಕ್ಕೆಲ್ಲ ಕಾರಣ ಉದ್ಘಾಟಕರು. ಬೆಳಿಗ್ಗೆ ಹತ್ತಕ್ಕೆ ಬರಬೇಕಾದವರು ಬಂದದ್ದು ಸಂಜೆ ನಾಲ್ಕಕ್ಕೆ. ಅಷ್ಟರವರೆಗೆ ಶಿಲ್ಪ ಉಳಿಯಬೇಡವೇ? ಸಮಿತಿ ತುರ್ತು ಸಭೆ ಸೇರಿತು. ಪೇಂಟಿನ ಅಂಗಡಿಯಿಂದ ಎರಡು ಡಬ್ಬ ವಾರ್ನಿಶ್ ಬಂತು. ಮೊಸಳೆಗಳಿಗೆ ಒಂದು ಕೋಟಿಂಗ್. ಇಡ್ಲಿಯ ಆನೆಗೆ ಎರಡು. ಅಕ್ಕಿ ಪುಂಡಿಯ ಶಿವಲಿಂಗಕ್ಕೆ ವಾರ್ನಿಶ್ ಹಾಕಬಹುದೋ ಬಾರದೋ ಅಂತ ಸ್ವಲ್ಪ ಚರ್ಚೆಯಾಯಿತು, ಕೊನೆಗೆ ಹಾಲು ಹಾಕಿದ ಹಾಗೆಯೇ ಅಂತ ಹಾಕಿದರು. ಬಿದ್ದುಹೋದ ಬಾಲಗಳಿಗೆ ಫೆವಿಕಾಲ್. ಅಲ್ಲೇ ಕಾಯಿಯಿಂದ ಹಾಲಿನಂಥ ಮೇಣ ಸುರಿಯುತ್ತಿತ್ತು, ಮೆತ್ತಿಕೊಂಡರೆ ಎಣ್ಣೆ ತಿಕ್ಕದೆ ಕೈ ಬಿಡದ ಮೇಣ. ಅದಿರುವಾಗ ಫೆವಿಕಾಲಿಗೆ ದುಡ್ಡು ಕೊಟ್ಟವರನ್ನು ನಾನು ಇಲ್ಲೇ ಕಂಡದ್ದು.

ಬೆಂಗಳೂರಿನಲ್ಲಿ ಚಿತ್ರಕಲೆ ಓದುವ ಅಳಿಯನಿಗೆ ಫೋಟೋ ಕಳಿಸಿದೆ. ಫೋನು ಮಾಡಿದ. "ಮಾವ, ಇದಕ್ಕೆ ಕಿಚ್ ಅನ್ನುತ್ತಾರೆ. ಜರ್ಮನ್ ಪದ. 19ನೇ ಶತಮಾನದಲ್ಲಿ ಮ್ಯೂನಿಕ್‌ನ ಪೇಟೆಯಲ್ಲಿ ಮಾರುತ್ತಿದ್ದ ಅಗ್ಗದ ಚಂದದ ಚಿತ್ರಗಳಿಗೆ ಹಾಗೆ ಹೇಳುತ್ತಿದ್ದರು."

"ಕಿಚ್ಚಾ?" ಅಂದರು ಪಕ್ಕದಲ್ಲಿದ್ದ ಚಿಕ್ಕಮ್ಮ. "ಸರಿಯಾಗಿ ಹೇಳಿದ. ಮೊದಲು ಅದನ್ನು ಇಡಿ."

ಅವನು ಬಾಳೆಹಣ್ಣಿನ ಕತೆ ಹೇಳಿದ. ಇಟಲಿಯ ಕಲಾವಿದ ಮೌರಿಜಿಯೊ ಕತೆಲಾನ್ 2019ರಲ್ಲಿ ಮಯಾಮಿಯ ಮೇಳದಲ್ಲಿ ಒಂದು ಬಾಳೆಹಣ್ಣನ್ನು ಟೇಪಿನಿಂದ ಗೋಡೆಗೆ ಅಂಟಿಸಿದ. ಅದೇ ಕೃತಿ 2024ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 62 ಲಕ್ಷ ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ 52 ಕೋಟಿ. ಕೊಂಡವನು ಹಣ್ಣನ್ನು ಸುಲಿದು ತಿಂದ.

"ಯಾವ ಹಣ್ಣು? ನೇಂದ್ರವಾ?" ಚಿಕ್ಕಮ್ಮನಿಗೆ ಅದೇ ಚಿಂತೆ.

ನನಗೆ ಹಿಡಿಸಿದ್ದು ಬೇರೆ. ಆ 52 ಕೋಟಿಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟು, ಹಣ್ಣನ್ನು ಹೇಗೆ ಅಂಟಿಸಬೇಕು, ಕೊಳೆತಾಗ ಹೇಗೆ ಬದಲಿಸಬೇಕು ಅನ್ನುವ ಸೂಚನೆ. ಅಂದರೆ ಬಾಳೆಹಣ್ಣು ಕೊಳೆಯುತ್ತದೆ ಅಂತ ಆ ಮಾರಾಯನಿಗೆ ಗೊತ್ತಿತ್ತು. ಅಮೆರಿಕದ ಅಯೋವಾದಲ್ಲಿ 1911ರಿಂದ ಜಾತ್ರೆಗೆ ಬೆಣ್ಣೆಯ ಹಸು ಮಾಡುತ್ತಾರಂತೆ, ಸುಮಾರು 270 ಕಿಲೋ ಬೆಣ್ಣೆ. ಹಸುವಿನಿಂದ ಬೆಣ್ಣೆ ತೆಗೆದು ಆ ಬೆಣ್ಣೆಯಿಂದ ಮತ್ತೆ ಹಸು ಮಾಡುವುದು ನನಗಂತೂ ಸುತ್ತುಬಳಸಿನ ಕೆಲಸವಾಗಿ ಕಂಡಿತು. ಆದರೆ ಅವರೂ ಅದನ್ನು ತಣ್ಣಗಿನ ಗಾಜಿನ ಕೋಣೆಯಲ್ಲಿ ಇಡುತ್ತಾರೆ. ತಗಡಿನ ಮಾಡಿನ ಕೆಳಗಲ್ಲ.

ಅಷ್ಟು ದೂರ ಯಾಕೆ? ಅನಂತಪುರದಲ್ಲಿ ಮೊದಲು ಇದ್ದ ಮೂರ್ತಿಗಳು ಕಲ್ಲಿನದೂ ಅಲ್ಲ, ಲೋಹದದೂ ಅಲ್ಲ. ಕಡುಶರ್ಕರ ಪಾಕದ್ದು. ಎಪ್ಪತ್ತಕ್ಕೂ ಹೆಚ್ಚು ವಸ್ತುಗಳನ್ನು ಹದ ಮಾಡಿ ಕೂಡಿಸಿದ ಪಾಕ. ಅಂಥದ್ದೇ ಪಾಕದ ತಿರುವನಂತಪುರದ ಅನಂತಪದ್ಮನಾಭನ ಮೂಲಮೂರ್ತಿಗೆ ನೀರಿನ ಅಭಿಷೇಕವೇ ಇಲ್ಲ, ಅದಕ್ಕೆ ಬೇರೆಯೇ ಮೂರ್ತಿ ಇದೆ. ಯಾವ ವಸ್ತುವಿಗೆ ಏನು ತಡೆಯುವುದಿಲ್ಲ ಅನ್ನುವುದು ಮಾಡಿದವರಿಗೆ ಗೊತ್ತಿತ್ತು. ಮಧೂರಿನ ಮೂಡಪ್ಪ ಸೇವೆಯಲ್ಲಿ ಗಣಪತಿಯನ್ನು ಅಪ್ಪದಿಂದಲೇ ಮುಚ್ಚುತ್ತಾರೆ. 1992ರಲ್ಲಿ ಆದದ್ದು ಮತ್ತೆ 2025ರಲ್ಲಿ ಆಯಿತು. ಅಷ್ಟು ಅಪ್ಪ ರಾಶಿ ಬಿದ್ದಾಗ ಇದಕ್ಕೆ ವಾರ್ನಿಶ್ ಹೊಡೆಯೋಣ ಅಂತ ಯಾರಿಗೂ ತೋಚಲಿಲ್ಲ, ಅಲ್ವಾ? ಎಲ್ಲರ ಕಣ್ಣೂ ಪ್ರಸಾದದ ಕಡೆಗೇ ಇತ್ತು.

ತೀರ್ಪಿಗೆ ಬರುತ್ತೇನೆ. ಹೆಂಗಸರ ಒಂದು ಗುಂಪು ಹಲಸಿನ ಹಪ್ಪಳದ ಗೋಪುರ ಮಾಡಿತ್ತು. ಕಾಯಿಸೊಳೆ ಬೇಯಿಸಿ, ಗುದ್ದಿ, ಉಂಡೆ ಕಟ್ಟಿ, ಎಣ್ಣೆ ಸವರಿದ ಹಾಳೆಯ ನಡುವೆ ಒತ್ತಿ, ಏಪ್ರಿಲಿನ ಬಿಸಿಲಿಗೆ ಚಾಪೆಯಲ್ಲಿ ಒಣಗಿಸಿದ ಹಪ್ಪಳ. ತೆಂಗಿನೆಣ್ಣೆಯಲ್ಲಿ ಆಗಷ್ಟೇ ಕಾಯಿಸಿ ತಂದು ಒಂದರ ಮೇಲೊಂದು ಏಳು ಅಂತಸ್ತು ಇಟ್ಟಿದ್ದರು. ನಾನು ಮೊಸಳೆ ಎಣಿಸಿ ತಿರುಗುವಷ್ಟರಲ್ಲಿ ಮಕ್ಕಳು ಮೇಲಿನ ಎರಡು ಅಂತಸ್ತು ಮುಗಿಸಿದ್ದರು. ವಾರ್ನಿಶ್ ಡಬ್ಬ ಆ ಮೇಜಿಗೆ ಬರುವ ಹೊತ್ತಿಗೆ ಐದು ಹೋಗಿತ್ತು. ಒಂದು ನನಗೂ ಸೇರಿತು. ಹಲ್ಲಿಗೆ ಕರುಂ ಅಂತ ಸಿಕ್ಕಿ, ಆಮೇಲೆ ನಾಲಿಗೆಯ ಮೇಲೆ ಸ್ವಲ್ಪ ಖಾರ. ಮೊದಲ ಬಹುಮಾನ ಅದಕ್ಕೇ ಬರೆದೆ.

"ಆಗುವುದಿಲ್ಲ ಮಾಷ್ಟ್ರೇ" ಅಂದರು ಅಧ್ಯಕ್ಷರು. "ಉದ್ಘಾಟಕರು ಯಾವುದರ ಎದುರು ನಿಂತು ಫೋಟೋ ತೆಗೆಸಿಕೊಳ್ಳುವುದು?" ಬಹುಮಾನ ಎಲ್‌ಇಡಿ ಮೊಸಳೆಗೆ ಹೋಯಿತು.

ಉದ್ಘಾಟಕರು ಭಾಷಣದಲ್ಲಿ ಒಂದು ಮಾತು ಹೇಳಿದರು. "ಇಂಥ ಕಲೆ ನಾಳೆ ಹಾಳಾಗುತ್ತದೆ ಅನ್ನುವುದೇ ಬೇಸರ. ಶಾಶ್ವತವಾಗಿ ಏನಾದರೂ ಮಾಡಬೇಕು." ಆ ಮಾತಿಗೆ ಹಣ ಮಂಜೂರಾಯಿತು. ಆರು ಪಥದ ಹೆದ್ದಾರಿ 66ಕ್ಕೆ ಅಂತ ಕಡಿದ ಮರಗಳಲ್ಲಿ ನಮ್ಮ ಜಂಕ್ಷನ್ನಿನ ದೊಡ್ಡ ಹಲಸೂ ಹೋಗಿತ್ತು. ಬಸ್ಸಿಗೆ ಕಾಯುವವರ ತಲೆಗೆ ಅದರದ್ದೇ ನೆರಳು. ಈಗ ಅದೇ ಜಾಗದಿಂದ ಹತ್ತಡಿ ಈಚೆಗೆ, ಸಿಮೆಂಟಿನ ಕಟ್ಟೆಯ ಮೇಲೆ, ಎಂಟಡಿ ಎತ್ತರದ ಫೈಬರ್ ಹಲಸಿನ ಹಣ್ಣು ಎದ್ದಿದೆ. ಗಿಳಿಹಸುರು ಬಣ್ಣ. ಒಂದು ಬದಿ ಸೀಳಿ ಒಳಗೆ ಹಳದಿ ಸೊಳೆ ತೋರಿಸಿದ್ದಾರೆ, ನೋಡಿದರೆ ದೊಡ್ಡ ಪ್ರಾಣಿಯೊಂದು ಆಕಳಿಸಿದ ಹಾಗಿದೆ.

ಕೇರಳ ಸರಕಾರ 2018ರ ಮಾರ್ಚಿನಲ್ಲಿ ಹಲಸನ್ನು ರಾಜ್ಯದ ಹಣ್ಣು ಅಂತ ಘೋಷಿಸಿತ್ತಲ್ಲ, ಆ ವಿಷಯವನ್ನು ಕೆಳಗೆ ಫಲಕದಲ್ಲಿ ಹಾಕಿದ್ದಾರೆ. ಮಲಯಾಳದಲ್ಲಿ ಸರಿಯಾಗಿದೆ, ಇಂಗ್ಲಿಷಿನಲ್ಲೂ ಸರಿಯಾಗಿದೆ. ಕನ್ನಡದಲ್ಲಿ ಒತ್ತೂ ಕೊಂಬೂ ಎಲ್ಲೋ ಬಿದ್ದುಹೋಗಿ, 'ಹಲಸು: ನಮ್ಮ ರಾಜ್ಯದ ಹಣ' ಅಂತಾಗಿದೆ. ಗಡಿನಾಡಿನ ಫಲಕಗಳ ಕನ್ನಡ ತಿದ್ದಿಸಲು ಅರ್ಜಿ ಹಿಡಿದು ಓಡಾಡುವುದು ನನಗೆ ಹಳೆಯ ಅಭ್ಯಾಸ. ಇದೊಂದನ್ನು ಮಾತ್ರ ತಿದ್ದಿಸಲು ಹೋಗಲಿಲ್ಲ.

ಅನಾವರಣದ ದಿನ ಚಿಕ್ಕಮ್ಮ ಜನರ ನಡುವೆ ಜಾಗ ಮಾಡಿಕೊಂಡು ಮುಂದೆ ಹೋದರು. ಕೊಡೆಯನ್ನು ಕಂಕುಳಲ್ಲಿ ಇಟ್ಟರು. ಅಂಗಳದಲ್ಲಿ ಹಣ್ಣು ಬಲಿತಿದೆಯೋ ಅಂತ ನೋಡುವ ಹಾಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿ ಕೊಟ್ಟರು. ಡಬ್ ಡಬ್.

"ಇದು ಬರಿಕ್ಕೆಯಾ, ತುಳುವನಾ?" ಅಂತ ಹಲಸಿನ ಜಾತಿ ಕೇಳಿದರು.

"ಫೈಬರ್, ಚಿಕ್ಕಮ್ಮ" ಅಂದರು ಅಧ್ಯಕ್ಷರು.

"ಹೌದಾ?" ಚಿಕ್ಕಮ್ಮನ ಮುಖ ಅರಳಿತು. "ಹಾಗಾದರೆ ನನಗೂ ಒಂದು ಸೊಳೆ ಕೊಡಿ."