ಕೊಲ್ಹಾಪುರದ ಹೆಸರಾದರೂ ಹೇಳಬಹುದಿತ್ತು

ಮೊದಲ ಕನ್ನಡ ಟಾಕಿ (ಮಾತಿನ ಚಿತ್ರ) 'ಸತಿ ಸುಲೋಚನ'ದ ಕಲಾವಿದರ ಬಗ್ಗೆ ಲೇಖನ ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಆ ಚಿತ್ರ ಎಲ್ಲೋ ದೂರದ ಸ್ಟುಡಿಯೋದಲ್ಲಿ ತಯಾರಾಯಿತು ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ. ಅದು ನಮ್ಮ ಕೊಲ್ಹಾಪುರ! ನಾನು ಅದೇ ಜಿಲ್ಲೆಯ ಗಡಹಿಂಗ್ಲಜ್ ಕಡೆಯವನು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಹಾಗಾಗಿ ಸ್ವಲ್ಪ ಊರಭಿಮಾನ ಅಂತಲೇ ಇಟ್ಟುಕೊಳ್ಳಿ.

ಆಗ ಬೆಂಗಳೂರಲ್ಲಿ ಟಾಕಿ ತೆಗೆಯುವ ಸ್ಟುಡಿಯೋ ಇರಲಿಲ್ಲ. ಕೊಲ್ಹಾಪುರದಲ್ಲಿ ಛತ್ರಪತಿ ಸ್ಟುಡಿಯೋ ಇತ್ತು. ಅದಕ್ಕೂ ಮುಂಚೆಯೇ ಬಾಬುರಾವ್ ಪೇಂಟರ್ ಇದ್ದರು. ನಾಟಕದ ಪರದೆ ಬರೆಯುತ್ತಿದ್ದ ಮನುಷ್ಯ! ಪರದೇಶದಿಂದ ತರಿಸದೆ ಶಿಷ್ಯ ದಾಮ್ಲೆ ಜೊತೆ ಕೂತು ತಾವೇ ಕ್ಯಾಮೆರಾ ಕಟ್ಟಿದರು. 1920ರಲ್ಲಿ 'ಸೈರಂಧ್ರಿ' ಎಂಬ ಮೂಕಚಿತ್ರ ತೆರೆಗೆ ತಂದರು. ಮುಂದೆ ಹೆಸರಾಂತ ನಿರ್ದೇಶಕರಾದ ವಿ. ಶಾಂತಾರಾಂ ಕೆಲಸ ಕಲಿತದ್ದು ಇವರ ಸಿನಿಮಾ ಕಂಪನಿಯಲ್ಲೇ. ಅದಕ್ಕೆ ಮೊದಲು ಶಾಂತಾರಾಂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದಿದ್ದರು, ಅಲ್ಲಿಯ ಒಂದು ಚಿತ್ರಮಂದಿರದಲ್ಲೂ. ಇದು ಹುಬ್ಬಳ್ಳಿಯವರಿಗೇ ಎಷ್ಟು ಜನಕ್ಕೆ ಗೊತ್ತೋ!

ಇಂಥ ಊರಿಗೆ ಬಂದು ನಮ್ಮ ನಾಟಕದವರು ಬಣ್ಣ ಹಚ್ಚಿದರು. ಸುಬ್ಬಯ್ಯ ನಾಯ್ಡು ಇಂದ್ರಜಿತು, ನಾಗೇಂದ್ರರಾಯರು ರಾವಣ. ನೆಲ್ಲೂರಿನ ವೈ.ವಿ. ರಾವ್ ನಿರ್ದೇಶನವನ್ನೂ ಮಾಡಿ ಲಕ್ಷ್ಮಣನೂ ಆದರು. 1934ರ ಮಾರ್ಚ್ 3ಕ್ಕೆ ಬಿಡುಗಡೆ. ಈಗ ಒಂದು ಪ್ರಿಂಟೂ ಉಳಿದಿಲ್ಲ, ಹೊಟ್ಟೆ ಉರಿಯುತ್ತೆ.

ಇನ್ನೊಂದು ಮಾತು. ಇಂದ್ರಜಿತುವಿನ ಹೆಂಡತಿ ಸುಲೋಚನಳಾಗಿ ನಟಿಸಿದ ತ್ರಿಪುರಾಂಬ ಅವರ ಹೆಸರು ಲೇಖನದಲ್ಲಿ ಸುಮ್ನೆ ಬಂದು ಹೋಗಿದೆ. ಗಂಡಸರ ಬಗ್ಗೆ ಮಾತ್ರ ಪ್ಯಾರಾಗಟ್ಟಲೆ. ಕಥೆಯ ನಾಯಕಿಯೇ ಆಕೆ ಅಲ್ವಾ? ಮುಂದಿನ ಕಂತಲ್ಲಿ ಅವರ ಬಗ್ಗೆ ಬರೆಯಿರಿ.