ಸತ್ಯಾಂಶ: ಮನೆಯಲ್ಲೇ ಕಲಿಸಿದರೆ ಅಪ್ಪ ಅಮ್ಮನಿಗೆ ಜೈಲಾ?

‘ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಿದರೆ ಜೈಲು, 1 ಲಕ್ಷ ದಂಡ. ಪರೀಕ್ಷೆಗೂ ಕೂರಿಸಲ್ಲ’ ಎಂಬ ಫಾರ್ವರ್ಡ್ ಓಡಾಡುತ್ತಿದೆ. ಗಾಬರಿಯಾಗಬೇಡಿ.

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗಾಗಿ ಇರುವುದು. ಮಕ್ಕಳನ್ನು ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎಂದು ಅದರ 10ನೇ ಸೆಕ್ಷನ್ ಹೇಳುತ್ತದೆ, ನಿಜ. ಆದರೆ ತಪ್ಪಿದರೆ ಅವರಿಗೆ ಇಂಥ ಶಿಕ್ಷೆ ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಆ 1 ಲಕ್ಷದ ದಂಡ ಇರುವುದು ಮಾನ್ಯತೆಯಿಲ್ಲದೆ ಶಾಲೆ ನಡೆಸುವವರಿಗೆ. ಯಾರೋ ಎರಡನ್ನೂ ಕಲಸಿಬಿಟ್ಟಿದ್ದಾರೆ.

ಪರೀಕ್ಷೆಯ ಮಾತೂ ಸುಳ್ಳು. 14 ತುಂಬಿದ ಮಕ್ಕಳು ಕೇಂದ್ರ ಸರ್ಕಾರದ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು. ಅಲ್ಲಿ ಗಣಿತ, ವಿಜ್ಞಾನದ ಹಾಗೆ ಚಿತ್ರಕಲೆ, ಕರ್ನಾಟಕ ಸಂಗೀತವೂ ವಿಷಯಗಳೇ. ಸದಾ ಬಣ್ಣ ಹಿಡಿದು ಕೂರುವ ಮಗುವಿಗೆ ಇದು ಖುಷಿಯ ಸುದ್ದಿ ಅಲ್ವಾ?

‘ಇಷ್ಟ ಬಂದದ್ದು ಮಾಡಿಕೊಂಡಿದ್ದರೆ ಲೆಕ್ಕ ಬರಲ್ಲ’ ಅನ್ನುವವರೂ ಇದ್ದಾರೆ. ಸುಮ್ನೆ ಬಿಟ್ಟುಬಿಟ್ಟರೆ ಬರಲ್ಲ, ಒಪ್ಪುತ್ತೇನೆ. ದೊಡ್ಡವರು ಪಕ್ಕದಲ್ಲಿ ಕೂರಬೇಕು. 15ರಿಂದ 8ರ ಸಂದು ಚುಕ್ಕಿ ರಂಗೋಲಿ ಇಡುವ ಮಗುವನ್ನು ‘ಒಟ್ಟು ಎಷ್ಟು ಚುಕ್ಕಿ?’ ಎಂದು ಕೇಳಿ. ಒಂದೊಂದೇ ಎಣಿಸದೆ 169 ಎಂದು ಹೇಳುವ ದಾರಿಯನ್ನು ಅದು ತಾನೇ ಹುಡುಕತೊಡಗುತ್ತದೆ.